ಗುಣವಾದ ಮೇಲೂ ಅಪ್ಪನ ರಕ್ತ ಯಾಕೆ ಬೇಕು?

ಪ್ರಶ್ನೆ: ನಮ್ಮದು ಚಾರ್ಮಾಡಿಯಲ್ಲಿ ಗುಡ್ಡೆಯ ಬುಡದ ಮನೆ. ಸ್ವಲ್ಪ ಅಡಿಕೆ, ಎರಡು ದನ. ಅಪ್ಪನಿಗೆ 62 ವರ್ಷ. ಹಟ್ಟಿಗೆ ಸೊಪ್ಪು ತರಲು ವಾರಕ್ಕೆ ಎರಡು ಮೂರು ಸಲ ಗುಡ್ಡೆ ಹತ್ತುತ್ತಾರೆ. ಜನವರಿಯಲ್ಲಿ ಅವರಿಗೆ ಒಮ್ಮೆಲೇ ಜ್ವರ ಬಂತು. ತಲೆ ಎತ್ತಲಿಕ್ಕಾಗದಷ್ಟು ತಲೆನೋವು, ಸೊಂಟ, ಮೀನಖಂಡ ಎಲ್ಲ ನೋವು, ಕಣ್ಣು ಕೆಂಪು. ಕೊನೆಗೆ ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಡೆಂಗಿ, ಇಲಿಜ್ವರ, ಮಂಗನ ಕಾಯಿಲೆ ಯಾವುದೂ ಇಲ್ಲ ಎಂದು ರಿಪೋರ್ಟ್ ಬಂತು. ಡ್ರಿಪ್, ಮಾತ್ರೆ ಕೊಟ್ಟರು. ಗುಣವಾಗಿ ಮನೆಗೆ ಬಂದರು.

ಆಸ್ಪತ್ರೆಗೆ ಸೇರಿಸಿದ ರಾತ್ರಿ ಒಬ್ಬರು ಬಂದು, ಜ್ವರಗಳ ಬಗ್ಗೆ ಅಧ್ಯಯನ ನಡೀತಾ ಇದೆ ಅಂತ ಹೇಳಿ ಅಪ್ಪನ ಸಹಿ ಹಾಕಿಸಿಕೊಂಡು ರಕ್ತ ತೆಗೆದುಕೊಂಡು ಹೋಗಿದ್ದರು. ಈಗ ಫೋನ್ ಮಾಡಿ, ಇನ್ನೊಮ್ಮೆ ರಕ್ತ ಕೊಡಲು ಬನ್ನಿ ಎನ್ನುತ್ತಿದ್ದಾರೆ. ಮುಂಬೈಯಲ್ಲಿರುವ ಅಣ್ಣನಿಗೆ ಸಿಟ್ಟು ಬಂದಿದೆ. ಬಡವರ ಮೇಲೆ ಪ್ರಯೋಗ ಮಾಡುತ್ತಾರೆ, ಅಪ್ಪನನ್ನು ಪ್ರಯೋಗದ ಮಂಗ ಮಾಡಿದ್ದಾರೆ, ನೀನು ಪಕ್ಕದಲ್ಲಿದ್ದು ಏನು ಮಾಡುತ್ತಿದ್ದೆ ಎಂದು ಬೈದ. ಗುಣವಾದವರ ರಕ್ತ ಯಾಕೆ, ಅದನ್ನು ಮಾರುತ್ತಾರೋ ಏನೋ ಎಂದು ಅಮ್ಮನಿಗೆ ಹೆದರಿಕೆ. ಸಹಿ ಹಾಕಿ ಆಗಿದೆ, ಹೋಗದಿದ್ದರೆ ಕೇಸು ಹಾಕುತ್ತಾರಾ? ಮುಂದೆ ಅದೇ ಆಸ್ಪತ್ರೆಗೆ ಹೋದರೆ ಸರಿಯಾಗಿ ನೋಡುತ್ತಾರಾ? ನನಗೆ ರಾತ್ರಿ ನಿದ್ದೆ ಇಲ್ಲ.
— ಹೆಸರು ಬೇಡ, ಚಾರ್ಮಾಡಿ

ಉತ್ತರ: ತಂಗಿ, ಮೊದಲು ನಿಮ್ಮ ನಿದ್ದೆ ಕೆಡಿಸಿದ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಯಾರೂ ಕೇಸು ಹಾಕುವುದಿಲ್ಲ, ಹಾಕಲು ಬರುವುದೂ ಇಲ್ಲ. ಅಧ್ಯಯನದ ಒಪ್ಪಿಗೆ ಪತ್ರಕ್ಕೆ ಹಾಕಿದ ಸಹಿ ಸಾಲದ ಪತ್ರಕ್ಕೆ ಹಾಕಿದ ಸಹಿಯಂತಲ್ಲ. ಯಾವತ್ತು ಬೇಕಾದರೂ, ಕಾರಣ ಹೇಳದೆ, 'ನನಗೆ ಬೇಡ' ಎಂದು ಹೊರಗೆ ಬರಬಹುದು. ಹಾಗೆ ಹೊರಬಂದವರಿಗೆ ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರ ತನ್ನ ನೈತಿಕ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಹೋಗುವುದೋ ಬಿಡುವುದೋ ಎಂಬುದನ್ನು ಹೆದರಿಕೆಯಿಂದ ತೀರ್ಮಾನಿಸಬೇಡಿ.

ಇನ್ನೊಂದು ಮಾತು. ಆ ರಾತ್ರಿ ನಡೆದದ್ದು ಸರಿಯಾದ ಕ್ರಮದಲ್ಲಿ ನಡೆದಿಲ್ಲ. ಜ್ವರದಲ್ಲಿ ತಲೆ ಎತ್ತಲಾಗದ ಮನುಷ್ಯನ ಕೈಗೆ ಪೆನ್ನು ಕೊಟ್ಟು ಸಹಿ ಮಾಡಿಸಿಕೊಂಡರೆ ಕಾಗದದ ಮಟ್ಟಿಗೆ ಅದು ಒಪ್ಪಿಗೆ ಇರಬಹುದು, ಆದರೆ ಅವರಿಗೆ ವಿಷಯ ಅರ್ಥವಾಗಿತ್ತು ಎನ್ನಲು ನಾನು ಸಿದ್ಧಳಿಲ್ಲ. ಜ್ವರದ ಅಧ್ಯಯನಕ್ಕೆ ರೋಗದ ಮೊದಲ ದಿನಗಳ ರಕ್ತವೇ ಬೇಕು, ಆ ಅವಸರ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಜ್ವರ ಇಳಿದ ಮೇಲೆ ಮಂಚದ ಪಕ್ಕ ಕೂತು, ಅವರಿಗೆ ತಿಳಿಯುವ ಭಾಷೆಯಲ್ಲಿ, ತುಳುವಾದರೆ ತುಳುವಿನಲ್ಲೇ, ಮತ್ತೊಮ್ಮೆ ಹೇಳಿ ಕೇಳಬೇಕಿತ್ತು. ಮಾಹಿತಿ ಪತ್ರದ ಒಂದು ಪ್ರತಿಯನ್ನು ಮನೆಗೆ ಕೊಟ್ಟು ಕಳಿಸಬೇಕಿತ್ತು. ಅದನ್ನು ಮಾಡದಿದ್ದರೆ ತಪ್ಪು ಅವರದು. ಅಪ್ಪ ಉಳಿಯುತ್ತಾರೋ ಇಲ್ಲವೋ ಎಂದು ನಡುಗುತ್ತ ಪಕ್ಕದಲ್ಲಿ ಕೂತಿದ್ದ ಮಗಳ ಮೇಲೆ ಆ ಭಾರ ಹಾಕುವುದು ನ್ಯಾಯವಲ್ಲ. ಅಣ್ಣ ಮುಂಬೈಯಲ್ಲಿ ಕೂತು ಬೈದದ್ದನ್ನು ಮನಸ್ಸಿಗೆ ತೆಗೆದುಕೊಳ್ಳಬೇಡಿ. ದೂರ ಇರುವವರ ಗಾಬರಿ ಸಿಟ್ಟಾಗಿ ಹೊರಬರುವುದು ಎಲ್ಲ ಮನೆಗಳಲ್ಲೂ ಇದೆ.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಗುಣವಾದವರ ರಕ್ತ ಯಾಕೆ? ಇದು ಬಹಳ ಒಳ್ಳೆಯ ಪ್ರಶ್ನೆ, ಇದಕ್ಕೆ ಒಳ್ಳೆಯ ಉತ್ತರವೂ ಇದೆ.

ಒಂದು ವೈರಸ್ ಮೈಗೆ ಹೊಕ್ಕರೆ ಮೊದಲ ಕೆಲವು ದಿನ ಅದು ರಕ್ತದಲ್ಲಿ ಸಿಗುತ್ತದೆ. ಆರ್‌ಟಿ-ಪಿಸಿಆರ್ ಎಂಬ ಪರೀಕ್ಷೆ ಹುಡುಕುವುದು ಆ ವೈರಸ್ಸನ್ನೇ. ಕೊರೊನಾ ಕಾಲದಲ್ಲಿ ಎಲ್ಲರೂ ಕೇಳಿದ ಹೆಸರು ಅದು. ದಿನ ಕಳೆದಂತೆ ರಕ್ತದಲ್ಲಿ ವೈರಸ್ ಕಡಿಮೆಯಾಗುತ್ತ, ಅದರ ವಿರುದ್ಧ ಮೈ ತಾನೇ ತಯಾರಿಸುವ ಪ್ರತಿಕಾಯಗಳು ಏರತೊಡಗುತ್ತವೆ. ಎಲೈಸಾ ಪರೀಕ್ಷೆ ಹುಡುಕುವುದು ಇವುಗಳನ್ನು. ಹಾಗಾಗಿ ಜ್ವರದ ಎರಡನೇ ದಿನ ಪ್ರತಿಕಾಯ ಹುಡುಕಿದರೂ, ಹತ್ತನೇ ದಿನ ವೈರಸ್ ಹುಡುಕಿದರೂ ರಿಪೋರ್ಟ್ 'ನೆಗೆಟಿವ್' ಎಂದು ಬರುವ ಸಾಧ್ಯತೆ ಇದೆ. ಡೆಂಗಿ, ಇಲಿಜ್ವರದ ಪರೀಕ್ಷೆಗಳಿಗೂ ಇದೇ ತೊಡಕು. ಇಲಿಜ್ವರದ ಪ್ರತಿಕಾಯ ಸರಿಯಾಗಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು. ನಿಮ್ಮ ಕೈಯಲ್ಲಿರುವ ರಿಪೋರ್ಟ್ ಹೇಳುತ್ತಿರುವುದು 'ಆ ದಿನದ ರಕ್ತದಲ್ಲಿ ಸಿಗಲಿಲ್ಲ' ಎಂಬಷ್ಟನ್ನೇ.

ಎರಡನೇ ರಕ್ತ ಬೇಕಾಗುವುದು ಇಲ್ಲಿ. ಜ್ವರ ಇರುವಾಗ ತೆಗೆದ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ಹಳದಿ ಬಣ್ಣದ ತಿಳಿಯನ್ನು ಸಣ್ಣ ಕೊಳವೆಗೆ ಹಾಕಿ ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಎರಡರಿಂದ ನಾಲ್ಕು ವಾರದ ನಂತರ ಮತ್ತೊಮ್ಮೆ ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷಿಸುತ್ತಾರೆ. ಮೊದಲಿನದರಲ್ಲಿ ಇಲ್ಲದ ಪ್ರತಿಕಾಯ ಎರಡನೆಯದರಲ್ಲಿ ಕಾಣಿಸಿದರೆ, ಅಥವಾ ಇದ್ದದ್ದು ನಾಲ್ಕು ಪಟ್ಟು ಏರಿದ್ದರೆ, ಅಪ್ಪನನ್ನು ಮಲಗಿಸಿದ್ದು ಯಾವ ರೋಗ ಎಂಬುದು ಖಚಿತವಾಗುತ್ತದೆ. ಮೊದಲ ರಕ್ತ ಒಂದರಿಂದಲೇ ಇದನ್ನು ಹೇಳಲಾಗುವುದಿಲ್ಲ. ಇದಕ್ಕೆ ಬೇಕಾಗುವುದು ಸುಮಾರು ಒಂದು ಟೀ ಚಮಚದಷ್ಟು ರಕ್ತ. ಆದ್ದರಿಂದ ಫೋನ್ ಮಾಡಿದವರು ಕೇಳುತ್ತಿರುವುದು ಅಸಹಜವಾದದ್ದೇನೂ ಅಲ್ಲ. ಒಂದೆರಡು ವಾರ ತಡವಾದರೂ ಪ್ರತಿಕಾಯಗಳು ಒಮ್ಮೆಗೇ ಮಾಯವಾಗುವುದಿಲ್ಲ, ಹೋಗಬೇಕೆಂದಿದ್ದರೆ ಅವಸರಪಡಬೇಕಾಗಿಲ್ಲ.

ಅಪ್ಪನಿಗೆ ಹೇಗೂ ಗುಣವಾಗಿದೆ, ಹೆಸರು ತಿಳಿದು ಏನಾಗಬೇಕು ಎಂದು ಅಮ್ಮ ಕೇಳಬಹುದು. ಅಮ್ಮನಿಗೇ ಅದು ಬೇಕು. ಅವರೂ ಅದೇ ಗುಡ್ಡೆಯ ಸೊಪ್ಪನ್ನು ಹಟ್ಟಿಯಲ್ಲಿ ಹರಡುವವರು. ಮಂಗನ ಕಾಯಿಲೆ ಎಂದು ಖಚಿತವಾದರೆ ಆರೋಗ್ಯ ಇಲಾಖೆಯವರು ನಿಮ್ಮ ಸುತ್ತಮುತ್ತ ಅದನ್ನು ಹರಡುವ ಉಣುಗು ಹುಡುಕಬೇಕಾಗುತ್ತದೆ, ಮೈಗೆ ಹಚ್ಚುವ ಎಣ್ಣೆ ಹಂಚಬೇಕಾಗುತ್ತದೆ, ಜ್ವರ ಬಂದ ಪ್ರತಿಯೊಬ್ಬರನ್ನೂ ಗಮನಿಸಬೇಕಾಗುತ್ತದೆ. ಇಲಿಜ್ವರ ಎಂದಾದರೆ ಎಚ್ಚರಿಕೆ ಬೇಕಾದದ್ದು ತೋಟದ ಕೆಸರಿನಲ್ಲಿ ಕೆಲಸ ಮಾಡುವವರಿಗೆ. ಸ್ಕ್ರಬ್ ಟೈಫಸ್ ಎಂಬ ಇನ್ನೊಂದು ಜ್ವರವಾದರೆ ಪೊದೆ, ಹುಲ್ಲಿನ ನಡುವೆ ಓಡಾಡುವವರಿಗೆ. ಮೂರಕ್ಕೂ ಆರಂಭ ಒಂದೇ ತರಹದ ಜ್ವರ, ಮುಂದೆ ಮಾಡಬೇಕಾದ ಕೆಲಸ ಮಾತ್ರ ಬೇರೆ ಬೇರೆ.

ನಿಮ್ಮ ಬೆಳ್ತಂಗಡಿ ತಾಲ್ಲೂಕಿಗೆ ಮಂಗನ ಕಾಯಿಲೆಯ ಕಹಿ ಅನುಭವವೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿ, ಹಿಂದೆಯೇ ಜನರಿಗೆ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಆ ವೈರಸ್ಸನ್ನು ಗುರುತಿಸಿದರು. ಅದು ಉಣುಗಿನಿಂದ ಹರಡುತ್ತದೆ ಎಂಬುದೂ ಆಗಲೇ ತಿಳಿಯಿತು. ಕಾಲು ಶತಮಾನ ಅದು ಮಲೆನಾಡಿನ ರೋಗವೆಂದೇ ಹೆಸರಾಗಿತ್ತು. 1982ರ ಕೊನೆಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ, ಪಟ್ರಮೆಯ ಕಡೆ ಗೇರು ತೋಟಕ್ಕಾಗಿ ದೊಡ್ಡ ಕಾಡು ಕಡಿದ ಮೇಲೆ ಅದು ಘಟ್ಟದ ಕೆಳಗೂ ಎದ್ದಿತು, 1983ರ ಬೇಸಿಗೆಯಲ್ಲಿ ಬಹಳ ಜೀವಗಳನ್ನು ತೆಗೆದುಕೊಂಡಿತು. ನಿಮ್ಮ ಅಪ್ಪ ಆಗ ಹದಿನೆಂಟು ಇಪ್ಪತ್ತರ ಹುಡುಗ. ಅವರಿಗೆ ಆ ಬೇಸಿಗೆಯ ನೆನಪು ಇದ್ದೀತು, ಒಮ್ಮೆ ಕೇಳಿ ನೋಡಿ. (ಅದೇ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ್ದರಿಂದ ಪಟ್ರಮೆ, ನಿಡ್ಲೆ, ಕೊಕ್ಕಡದ ಎಷ್ಟು ಮನೆಗಳು ಇವತ್ತಿಗೂ ನೋಯುತ್ತಿವೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಕಡೆಯ ಜನ ಆಸ್ಪತ್ರೆ, ಸರಕಾರ, ಸಮೀಕ್ಷೆ ಎಂದರೆ ಅನುಮಾನದಿಂದ ನೋಡುವುದಕ್ಕೆ ಕಾರಣವಿದೆ.)

ಮಂಗನ ಕಾಯಿಲೆಯ ವೈರಸ್ಸನ್ನೇ ಕೊಲ್ಲುವ ಔಷಧ ಇವತ್ತಿಗೂ ಇಲ್ಲ. ನೂರು ಮಂದಿಗೆ ಬಂದರೆ ಮೂರರಿಂದ ಐವರು ಸಾಯುತ್ತಾರೆ. ಉಳಿದವರನ್ನು ಉಳಿಸುವುದು ಸಮಯಕ್ಕೆ ಸರಿಯಾದ ಆರೈಕೆ. ಲಸಿಕೆಯ ಕಥೆಯಂತೂ ಅಣ್ಣನೂ ಕೇಳಬೇಕಾದದ್ದು. 1990ರ ದಶಕದ ಆರಂಭದಲ್ಲಿ ರಾಜ್ಯದ ಮೂರು ಜಿಲ್ಲೆಗಳಲ್ಲಿ ಪರೀಕ್ಷಿಸಿ ನೋಡಿದ ಲಸಿಕೆಯನ್ನು ಮುಂದೆ ವರ್ಷಗಟ್ಟಲೆ ಕೊಟ್ಟರು. ಅದು ನಿಜಕ್ಕೂ ಎಷ್ಟು ಕೆಲಸ ಮಾಡುತ್ತಿದೆ ಎಂದು 2005ರಿಂದ 2010ರವರೆಗಿನ ಲೆಕ್ಕ ತೆಗೆದು ನೋಡಿದಾಗ, ಎರಡು ಡೋಸ್ ತೆಗೆದುಕೊಂಡವರಲ್ಲಿ ರಕ್ಷಣೆ ಸುಮಾರು ಶೇ. 62, ಬೂಸ್ಟರ್ ಕೂಡ ತೆಗೆದುಕೊಂಡವರಲ್ಲಿ ಶೇ. 83 ಎಂದು ಗೊತ್ತಾಯಿತು. ಒಂದೇ ಡೋಸಿಗೆ ನಿಲ್ಲಿಸಿದವರಿಗೆ ಪ್ರಯೋಜನ ಸಿಕ್ಕಿರಲಿಲ್ಲ. ಆಮೇಲೆ ಲಸಿಕೆಯ ಶಕ್ತಿ ಕುಂದಿದ್ದು ತಿಳಿದು, 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು. ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸದಲ್ಲಿವೆ. ಹಳೆಯ ಲಸಿಕೆಯ ಬಲವೂ ಅದರ ದೌರ್ಬಲ್ಯವೂ ಗೊತ್ತಾದದ್ದು ಯಾರಿಗೆ ಜ್ವರ ಬಂತು, ಯಾರಿಗೆ ಬರಲಿಲ್ಲ, ಯಾರ ರಕ್ತದಲ್ಲಿ ಏನು ಸಿಕ್ಕಿತು ಎಂಬ ಲೆಕ್ಕದಿಂದ. ಆ ಲೆಕ್ಕದಲ್ಲಿರುವವರು ನಿಮ್ಮ ಅಪ್ಪನಂತೆ ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋಗಿಬಂದವರು.

ಹಾಗಾದರೆ ಅಣ್ಣನ ಸಿಟ್ಟಿಗೆ ಅರ್ಥವಿಲ್ಲವೆ? ಖಂಡಿತ ಇದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಸಾವಿರಾರು ಹುಡುಗಿಯರಿಗೆ ಕೊಡುವ ಅಧ್ಯಯನ ನಡೆಯಿತು. ಖಮ್ಮಂನಲ್ಲಿ ಬುಡಕಟ್ಟು ಹುಡುಗಿಯರು ಓದುವ ಹಾಸ್ಟೆಲುಗಳಲ್ಲಿ ತಂದೆತಾಯಿಯನ್ನು ಕೇಳದೆ ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡಾಗ ದೊಡ್ಡ ಗದ್ದಲವಾಗಿ 2010ರಲ್ಲಿ ಅಧ್ಯಯನ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ, ಆ ಲಸಿಕೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕಟುವಾಗಿ ಖಂಡಿಸಿತು. ಇಂಥ ಪ್ರಕರಣಗಳು ನ್ಯಾಯಾಲಯದವರೆಗೂ ಹೋಗಿ, ನಿಯಮಗಳು ಬಿಗಿಯಾಗುತ್ತ ಬಂದು, 2019ರಲ್ಲಿ ಹೊಸ ಔಷಧಗಳ ಪ್ರಯೋಗಕ್ಕೆ ಪ್ರತ್ಯೇಕ ನಿಯಮಾವಳಿಯೇ ಜಾರಿಯಾಯಿತು. ಅಣ್ಣನಂತೆ ಸಿಟ್ಟಾದವರು ಇಲ್ಲದಿದ್ದರೆ ಅದು ಬರುತ್ತಿರಲಿಲ್ಲ.

ಆದರೆ ಅಣ್ಣ ಎರಡು ಬೇರೆ ಸಂಗತಿಗಳನ್ನು ಒಂದಾಗಿ ನೋಡುತ್ತಿದ್ದಾನೆ. ನೀವು ಬರೆದದ್ದನ್ನು ನೋಡಿದರೆ ಅಪ್ಪನನ್ನು ಸೇರಿಸಿಕೊಂಡಿರುವುದು ರೋಗ ಪತ್ತೆಯ ಅಧ್ಯಯನಕ್ಕೆ. ಅದರಲ್ಲಿ ಹೊಸ ಔಷಧವನ್ನು ಮೈಗೆ ಹಾಕುವುದಿಲ್ಲ, ರಕ್ತ ತೆಗೆದು ನೋಡುತ್ತಾರೆ. ಸೂಜಿ ಚುಚ್ಚಿದಲ್ಲಿ ಸ್ವಲ್ಪ ನೋವಾಗಬಹುದು, ಕಂದಬಹುದು. ಅಪ್ಪನಿಗೆ ಕೊಟ್ಟ ಡ್ರಿಪ್, ಮಾತ್ರೆ ಆಸ್ಪತ್ರೆಯ ಮಾಮೂಲು ಚಿಕಿತ್ಸೆಯೇ ಎಂಬುದನ್ನು ಮಾತ್ರ ಅವರಿಂದಲೇ ಕೇಳಿ ಖಚಿತಪಡಿಸಿಕೊಳ್ಳಿ.

ಔಷಧದ ಪ್ರಯೋಗವೇ ಬೇರೆ. ಮುಂದೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಅಂಥ ಪ್ರಶ್ನೆ ಬಂದರೆ ಎಂದು ಒಂದು ಉದಾಹರಣೆ ಹೇಳುತ್ತೇನೆ. ಸ್ಕ್ರಬ್ ಟೈಫಸ್ ಬಿಗಡಾಯಿಸಿದವರಿಗೆ ಕೆಲವು ವೈದ್ಯರು ಡಾಕ್ಸಿಸೈಕ್ಲಿನ್ ಕೊಡುತ್ತಿದ್ದರು, ಕೆಲವರು ಅಜಿಥ್ರೊಮೈಸಿನ್. ಯಾವುದು ಮೇಲು, ಎರಡನ್ನೂ ಸೇರಿಸಿ ಕೊಟ್ಟರೆ ಹೇಗೆ ಎಂಬುದು ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರ ಮುಂದಾಳತ್ವದಲ್ಲಿ ಭಾರತದ 7 ಆಸ್ಪತ್ರೆಗಳು ಸೇರಿ, ಯಾವ ರೋಗಿಗೆ ಯಾವ ಔಷಧ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಚೀಟಿ ಎತ್ತುವ ಕ್ರಮದಲ್ಲಿ ನಿರ್ಧರಿಸಿ ನೋಡಿದವು. ಫಲಿತಾಂಶ ಹೊರಬಂದದ್ದು 2023ರಲ್ಲಿ, 794 ರೋಗಿಗಳ ಲೆಕ್ಕದೊಂದಿಗೆ. ಒಂದೊಂದೇ ಔಷಧ ಪಡೆದ ಎರಡು ಗುಂಪುಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಐದನೇ ದಿನವೂ ಜ್ವರವೋ ಏಳನೇ ದಿನವೂ ಬೇರೆ ತೊಂದರೆಯೋ ಉಳಿದಿತ್ತು, ಇಲ್ಲವೇ 28 ದಿನಗಳೊಳಗೆ ಜೀವ ಹೋಗಿತ್ತು. ಎರಡನ್ನೂ ಸೇರಿಸಿ ಕೊಟ್ಟವರಲ್ಲಿ ಈ ಪ್ರಮಾಣ ಮೂರನೇ ಒಂದಕ್ಕೆ ಇಳಿಯಿತು. ಇಂಥ ಪ್ರಯೋಗಕ್ಕೆ ಸೇರುವವರು ತೆಗೆದುಕೊಳ್ಳುವ ಅಪಾಯ ರಕ್ತ ಕೊಡುವವರದಕ್ಕಿಂತ ದೊಡ್ಡದು, ಹಾಗಾಗಿ ಅವರಿಗೆ ಇರುವ ರಕ್ಷಣೆಯೂ ದೊಡ್ಡದು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಪರಿಹಾರ ಕೊಡಬೇಕು. ಪ್ರಯೋಗ ಶುರುವಾಗುವ ಮೊದಲೇ ಅದು ಸರಕಾರಿ ನೋಂದಣಿಯಲ್ಲಿ ಸೇರಿರಬೇಕು. 2009ರಿಂದ ಇದು ಕಡ್ಡಾಯ, ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಎಂದು ಹುಡುಕಿ ಯಾರು ಬೇಕಾದರೂ ನೋಡಬಹುದು. ಇದನ್ನು ಅಣ್ಣನಿಗೆ ಹೇಳಿ, ಅವನ ಮೊಬೈಲಿನಲ್ಲೇ ನೋಡಲಿ.

ಈಗ ನಿಮ್ಮ ಕೆಲಸ. ಅವರು ಮತ್ತೆ ಫೋನ್ ಮಾಡುವವರೆಗೆ ಕಾಯಬೇಡಿ, ನೀವೇ ಮಾಡಿ. ಅಪ್ಪನ ಸಹಿ ಇರುವ ಪತ್ರದ ಪ್ರತಿ, ಮಾಹಿತಿ ಪತ್ರ ಎರಡೂ ಕನ್ನಡದಲ್ಲಿ ಬೇಕು ಎಂದು ಕೇಳಿ. ಈ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟ ಎಥಿಕ್ಸ್ ಕಮಿಟಿ ಯಾವುದು, ಅದರ ಫೋನ್ ನಂಬರ್ ಏನು ಎಂದು ಕೇಳಿ. ಔಷಧ ಪ್ರಯೋಗಗಳನ್ನು ನೋಡುವ ಕಮಿಟಿಯಲ್ಲಿ ಕನಿಷ್ಠ 7 ಮಂದಿ ಇರಬೇಕು, ಅರ್ಧದಷ್ಟು ಮಂದಿ ಆಸ್ಪತ್ರೆಯ ಹೊರಗಿನವರಾಗಿರಬೇಕು, ವೈದ್ಯಕೀಯ ಗೊತ್ತಿಲ್ಲದ ಒಬ್ಬ ಸಾಮಾನ್ಯರೂ ಇರಬೇಕು ಎಂಬ ನಿಯಮ ಇರುವುದು ನಿಮ್ಮಂಥವರ ದೂರು ಅಲ್ಲಿಗೆ ಮುಟ್ಟಲಿ ಎಂದೇ. ಆ ರಾತ್ರಿ ಸಹಿ ಹಾಕಿಸಿದ ರೀತಿಯ ಬಗ್ಗೆಯೂ ಅಲ್ಲಿ ಹೇಳಬಹುದು, ಹೇಳಬೇಕು ಎಂದೇ ನನ್ನ ಅಭಿಪ್ರಾಯ. ಇನ್ನೊಬ್ಬ ಅಪ್ಪನ ಸಹಿ ಹಾಗೆ ಆಗದಿರಲಿ.

ರಕ್ತ ಮಾರುತ್ತಾರೆ ಎಂಬ ಅಮ್ಮನ ಹೆದರಿಕೆಗೆ ಇದೇ ದಾರಿ. ಉಳಿದ ರಕ್ತವನ್ನು ಏನು ಮಾಡುತ್ತೀರಿ, ಎಷ್ಟು ವರ್ಷ ಇಡುತ್ತೀರಿ, ಬೇರೆ ಅಧ್ಯಯನಕ್ಕೆ ಬಳಸುತ್ತೀರಾ, ಹೊರಗೆ ಕಳಿಸುತ್ತೀರಾ ಎಂದು ನೇರವಾಗಿ ಕೇಳಿ. ಈ ಜ್ವರದ ಪರೀಕ್ಷೆಗೆ ಒಪ್ಪಿ, ಉಳಿದದ್ದನ್ನು ಇಟ್ಟುಕೊಳ್ಳಲು ಒಪ್ಪದಿರುವ ಹಕ್ಕು ನಿಮಗಿದೆ. ಅಧ್ಯಯನಕ್ಕಾಗಿ ಮಾಡುವ ಪರೀಕ್ಷೆಗೆ ನಿಮ್ಮಿಂದ ಹಣ ತೆಗೆದುಕೊಳ್ಳುವಂತಿಲ್ಲ. ಚಾರ್ಮಾಡಿಯಿಂದ ಮಂಗಳೂರಿಗೆ ಹೋಗಿಬರುವುದೆಂದರೆ ಇಡೀ ಒಂದು ದಿನ, ಇಬ್ಬರ ಬಸ್ ಚಾರ್ಜು, ಒಂದು ದಿನದ ಕೆಲಸ. ಆ ಖರ್ಚನ್ನು ಕೊಡುತ್ತೀರಾ ಎಂದು ಕೇಳಲು ಸಂಕೋಚ ಬೇಡ, ಕೊಡಲು ಐಸಿಎಂಆರ್ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಹತ್ತಿರದ ಬೆಳ್ತಂಗಡಿಯಲ್ಲೋ ನಿಮ್ಮ ಆರೋಗ್ಯ ಕೇಂದ್ರದಲ್ಲೋ ರಕ್ತ ತೆಗೆಯುವ ಏರ್ಪಾಡು ಆಗಬಹುದೇ ಎಂದೂ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಫಲಿತಾಂಶವನ್ನು ನಮಗೆ ತಿಳಿಸುತ್ತೀರಾ ಎಂದು ಕೇಳಿ. ರಕ್ತ ತೆಗೆದುಕೊಂಡು ಹೋಗಿ ಮನೆಯವರಿಗೆ ಉತ್ತರ ಹೇಳದ ಅಧ್ಯಯನಗಳ ಬಗ್ಗೆ ನನಗೆ ಗೌರವವಿಲ್ಲ. ಇವಕ್ಕೆಲ್ಲ ತಾಳ್ಮೆಯಿಂದ ಉತ್ತರ ಸಿಕ್ಕಿದರೆ ಹೋಗಿ ಬನ್ನಿ ಎಂದೇ ನಾನು ಹೇಳುತ್ತೇನೆ. ಉತ್ತರ ಕೊಡಲು ತಡವರಿಸಿದರೆ ಬೇಡ ಎಂದುಬಿಡಿ.

ನಿಮ್ಮ ಪತ್ರವನ್ನು ನಾನು ಮತ್ತೆ ಓದಿದೆ. ಅಣ್ಣ ಏನೆಂದ ಎಂದು ಬರೆದಿದ್ದೀರಿ, ಅಮ್ಮನ ಹೆದರಿಕೆ ಬರೆದಿದ್ದೀರಿ, ನಿಮ್ಮ ಸಂಕಟವೂ ಇದೆ. ಅಪ್ಪ ಏನು ಹೇಳುತ್ತಾರೆ ಎಂಬುದು ಎಲ್ಲೂ ಇಲ್ಲ. ರಕ್ತ ಅವರದು, ಸಹಿ ಅವರದು. 62 ವರ್ಷದ, ಬುದ್ಧಿ ನೆಟ್ಟಗಿರುವ ಮನುಷ್ಯನ ಪರವಾಗಿ ಮಗ ಮುಂಬೈಯಿಂದ, ಮಗಳು ಮನೆಯಿಂದ ತೀರ್ಮಾನ ಮಾಡಲು ಹೊರಟರೆ, ಅವತ್ತು ರಾತ್ರಿ ಆಸ್ಪತ್ರೆಯವರು ಅವರನ್ನು ಸರಿಯಾಗಿ ಕೇಳಲಿಲ್ಲ ಎಂಬ ನಮ್ಮ ದೂರಿಗೂ ಬಲ ಇರುವುದಿಲ್ಲ. ಸಂಜೆ ಹಟ್ಟಿ ಕೆಲಸ ಮುಗಿದ ಮೇಲೆ ಕೂತು ಇಷ್ಟನ್ನೂ ಅವರಿಗೆ ಓದಿ ಹೇಳಿ. 1983ರ ಸುದ್ದಿಯನ್ನೂ ಕೇಳಿ. ಆಮೇಲೆ ಅವರು 'ಹೋಗುವ' ಎಂದರೆ ಜೊತೆಗೆ ಹೋಗಿ, 'ಬೇಡ' ಎಂದರೆ ಆಸ್ಪತ್ರೆಗೆ ಫೋನ್ ಮಾಡಿ ಅಷ್ಟೇ ಹೇಳಿಬಿಡಿ. ಅಣ್ಣನಿಗೂ ಅಪ್ಪನೇ ಫೋನಿನಲ್ಲಿ ಹೇಳಲಿ.

ಈ ಉತ್ತರ ಅಚ್ಚಾಗುವ ಹೊತ್ತಿಗೆ ಬೇಸಿಗೆ ಇನ್ನೂ ಮುಗಿದಿರುವುದಿಲ್ಲ. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಮಳೆ ಹಿಡಿಯುವತನಕ. ಗುಡ್ಡೆಗೆ ಹೋಗುವಾಗ ಉದ್ದ ತೋಳಿನ ಅಂಗಿ, ಕಾಲು ಪೂರ್ತಿ ಮುಚ್ಚುವ ಬಟ್ಟೆ ಹಾಕಿಕೊಳ್ಳಲಿ. ಆರೋಗ್ಯ ಕೇಂದ್ರದಲ್ಲಿ ಉಣುಗು ಕಚ್ಚದಂತೆ ಹಚ್ಚುವ ಎಣ್ಣೆ ಇದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಲಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಲಿ. ಹಾಗೆ ನೋಡುವಾಗ ಸುಟ್ಟ ಗಾಯದಂಥ ಸಣ್ಣ ಕಪ್ಪು ಚಕ್ಕೆ ಕಂಡರೆ, ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಿ. ಅದು ಸ್ಕ್ರಬ್ ಟೈಫಸ್ಸಿನ ಗುರುತಾಗಿರಬಹುದು, ಅದಕ್ಕೆ ಒಳ್ಳೆಯ ಔಷಧವಿದೆ. ಎಲ್ಲಿಯಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಿ. ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಮೊದಲ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ, ವೈದ್ಯರು ಕೇಳದಿದ್ದರೂ 'ಗುಡ್ಡೆಗೆ ಹೋಗಿದ್ದೆ' ಎಂದು ನೀವಾಗಿಯೇ ಹೇಳಿ. ಯಾವ ಪರೀಕ್ಷೆ, ಯಾವತ್ತು ಮಾಡಬೇಕು ಎಂಬುದು ಆ ಒಂದು ಮಾತಿನ ಮೇಲೆ ನಿಂತಿದೆ.